ಏಳನೇ ತಾರೀಖು ದಾಟಿದ ಸಂಬಳ

ಸಂಬಳ ಒಂದು ತಿಂಗಳು ತಡವಾದರೆ ಅದಕ್ಕೆ ಏನೋ ಕಾರಣವಿರಬಹುದು. ಮೂರು ತಿಂಗಳು ಸತತವಾಗಿ ತಡವಾದರೆ ಅದು ಆ ಸಂಸ್ಥೆಯ ರೂಢಿಯಾಗಿದೆ ಎಂದೇ ತಿಳಿಯಬೇಕು. ಪಾರ್ಟಿಯಿಂದ ಪೇಮೆಂಟ್ ಬಂದಿಲ್ಲ, ಬಿಲ್ ಪಾಸಾಗಿಲ್ಲ, ಯಜಮಾನರು ಊರಲ್ಲಿಲ್ಲ, ಅಕೌಂಟೆಂಟ್ ರಜೆಯಲ್ಲಿದ್ದಾರೆ ಎಂಬ ಉತ್ತರಗಳು ಸರದಿಯ ಮೇಲೆ ಬರುತ್ತಿರುತ್ತವೆ. ಐದನೇ ತಾರೀಖಿನ ಬಾಡಿಗೆಯಾಗಲಿ, ಹತ್ತನೇ ತಾರೀಖಿನ ಚೀಟಿ ಹಣವಾಗಲಿ, ವಾರ ವಾರ ಕಟ್ಟಬೇಕಾದ ಸಂಘದ ಕಂತಾಗಲಿ ಅಲ್ಲಿಯವರೆಗೆ ಕಾಯುವುದಿಲ್ಲ. ಕೆಲಸಗಾರರು ಕೈಸಾಲ ತಂದು ಬಡ್ಡಿ ಕಟ್ಟುತ್ತಾರೆ. ಅದೇ ದಿನಗಳಲ್ಲಿ ಅವರು ದುಡಿದ ಹಣ ಮಾಲೀಕರ ವ್ಯವಹಾರದಲ್ಲಿ ಬಡ್ಡಿಯಿಲ್ಲದೆ ಓಡಾಡುತ್ತಿರುತ್ತದೆ.

ಇಂಥ ಕಡೆ ಬಹಳ ಜನ ಮಾಡುವುದು ಒಂದೇ: ಸೂಪರ್‌ವೈಸರ್ ಹತ್ತಿರ ಹೋಗಿ ಕೇಳುವುದು, ‘ಮುಂದಿನ ವಾರ ನೋಡೋಣ’ ಎಂದರೆ ವಾಪಸ್ ಬರುವುದು. ಹೀಗೆ ಬಾಯಿಮಾತಿನಲ್ಲಿ ಕೇಳುತ್ತಾ ಹೋದರೆ ಪ್ರತಿ ತಿಂಗಳೂ ಹೊಸದಾಗಿ ಶುರು ಮಾಡಬೇಕಾಗುತ್ತದೆ. ಬರೆದು ಕೇಳಿದರೆ ಮೊದಲ ತಿಂಗಳ ಪತ್ರವೇ ಎರಡನೇ ತಿಂಗಳಿಗೆ ಸಾಕ್ಷಿಯಾಗುತ್ತದೆ. ಇದು ಯಾಕೆ ಅಷ್ಟು ಮುಖ್ಯ ಎಂಬುದು ಕಾನೂನನ್ನು ನೋಡಿದರೆ ತಿಳಿಯುತ್ತದೆ.

1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ನಮ್ಮಲ್ಲಿ ಬಟವಾಡೆಗೆ ಗಡುವಿದೆ. ಈಗ ಅದರ ಜಾಗದಲ್ಲಿ 2019ರ ವೇತನ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ತಿಂಗಳ ಸಂಬಳದವರಿಗೆ ಮುಂದಿನ ತಿಂಗಳ ಏಳನೇ ತಾರೀಖು ಮುಗಿಯುವುದರೊಳಗೆ ಹಣ ಬರಬೇಕು. ವಾರದ ಲೆಕ್ಕದವರಿಗೆ ವಾರದ ರಜೆಗೆ ಮುಂಚಿನ ಕೊನೆಯ ಕೆಲಸದ ದಿನ, ದಿನಗೂಲಿಯವರಿಗೆ ಆ ದಿನದ ಪಾಳಿ ಮುಗಿದಾಗಲೇ ಕೊಡಬೇಕು. ಹಳೆಯ ಕಾಯ್ದೆ ತಿಂಗಳಿಗೆ 24,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ಮಾತ್ರ ಅನ್ವಯಿಸುತ್ತಿತ್ತು. ಹೊಸ ಸಂಹಿತೆಯಲ್ಲಿ ಆ ಮಿತಿ ಇಲ್ಲ. ಲೆಕ್ಕಿಗರು, ಸೂಪರ್‌ವೈಸರ್‌ಗಳು, ಮ್ಯಾನೇಜರ್‌ಗಳು ಎಲ್ಲರೂ ಇದರೊಳಗೆ ಬರುತ್ತಾರೆ. ಪಾರ್ಟಿಯಿಂದ ಮಾಲೀಕರಿಗೆ ಹಣ ಬಂದಿತೇ ಇಲ್ಲವೇ ಎಂಬುದನ್ನು ಈ ಗಡುವು ಕೇಳುವುದಿಲ್ಲ.

ಬೆಂಗಳೂರಿನ ಕಟ್ಟಡ ಕೆಲಸದಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರಿಗೆ ವಾರಕ್ಕೊಮ್ಮೆ ‘ಖರ್ಚಿಗೆ’ ಎಂದು ಸ್ವಲ್ಪ ದುಡ್ಡು ಕೊಟ್ಟು, ಉಳಿದದ್ದನ್ನು ಊರಿಗೆ ಹೋಗುವಾಗ ಕೊಡುತ್ತೇನೆ ಎನ್ನುವ ಪದ್ಧತಿ ಇದೆ. ಹಬ್ಬಕ್ಕೆ ಹೊರಡುವ ಹೊತ್ತಿಗೆ ಮೇಸ್ತ್ರಿಯ ಪುಸ್ತಕದಲ್ಲಿ ಎಷ್ಟು ಹಾಜರಿ ಇದೆಯೋ ಅಷ್ಟೇ ಲೆಕ್ಕ. ಇದು ಉಳಿತಾಯದಂತೆ ಕಂಡರೂ ನಿಜದಲ್ಲಿ ತಿಂಗಳುಗಟ್ಟಲೆ ತಡೆಹಿಡಿದ ಕೂಲಿ. ಗಂಡ, ಹೆಂಡತಿ ಇಬ್ಬರೂ ದುಡಿದಲ್ಲಿ ಇಬ್ಬರ ಹಾಜರಿಯನ್ನೂ ಬೇರೆ ಬೇರೆಯಾಗಿ ನಿಮ್ಮದೇ ಪುಸ್ತಕದಲ್ಲಿ ಬರೆದಿಡಿ. ಹೆಂಡತಿಯ ಹಾಜರಿ ಗಂಡನ ಹೆಸರಿನ ಕೆಳಗೆ ಮರೆಯಾಗುವುದು ಬಹಳ ಸುಲಭ.

ತಡವಾಗುವುದು ಕಣ್ಣಿಗೆ ಕಾಣುತ್ತದೆ. ಕಡಿಮೆಯಾಗುವುದು ಕಾಣುವುದಿಲ್ಲ, ಅದನ್ನು ಲೆಕ್ಕ ಹಾಕಿಯೇ ಹಿಡಿಯಬೇಕು. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 13,000 ರೂಪಾಯಿ ಸಂಬಳವಿರುವ ಒಬ್ಬ ಟೈಲರ್‌ನ ಸಂಬಳದ ಚೀಟಿಯನ್ನು ತೆಗೆದುಕೊಳ್ಳಿ. ಕನಿಷ್ಠ ವೇತನದ ಲೆಕ್ಕದಲ್ಲಿ ತಿಂಗಳಿಗೆ 26 ಕೆಲಸದ ದಿನ. ಅಲ್ಲಿಗೆ ದಿನಕ್ಕೆ 500 ರೂಪಾಯಿ, ಎಂಟು ಗಂಟೆಯ ಪಾಳಿಯಾದ್ದರಿಂದ ಗಂಟೆಗೆ 62 ರೂಪಾಯಿ 50 ಪೈಸೆ. ಓಟಿಗೆ ಎರಡು ಪಟ್ಟು ಕೊಡಬೇಕು, ಅಂದರೆ ಗಂಟೆಗೆ 125. ಅವರು ಆ ತಿಂಗಳು 20 ಗಂಟೆ ಓಟಿ ಮಾಡಿದ್ದರೆ 2,500 ರೂಪಾಯಿ ಬರಬೇಕು. ಕೆಲವೆಡೆ ಓಟಿಯನ್ನು ಒಂದೇ ಪಟ್ಟು ಹಾಕುತ್ತಾರೆ, ಅದೂ ಸಂಬಳವನ್ನು 30 ದಿನಕ್ಕೆ ಭಾಗಿಸಿ. ಆಗ ಸಿಗುವುದು 1,083 ರೂಪಾಯಿ. ಅದೇ ಕಚೇರಿ ಒಂದು ದಿನದ ಗೈರಿಗೆ ಹಣ ಹಿಡಿಯುವಾಗ 26ರಿಂದ ಭಾಗಿಸಿ 500 ಕಳೆಯುತ್ತದೆ. ಕೊಡುವಾಗ ಒಂದು ಲೆಕ್ಕ, ಹಿಡಿಯುವಾಗ ಇನ್ನೊಂದು ಲೆಕ್ಕ. ಚೀಟಿ ಸಿಕ್ಕ ದಿನವೇ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ಈ ಎರಡನ್ನೂ ನೋಡಿ.

ಇನ್ನೊಂದು, ಹತ್ತು ನಿಮಿಷ ತಡವಾಗಿ ಬಂದವರಿಗೆ ಅರ್ಧ ದಿನದ ಸಂಬಳ ಹಿಡಿಯುವುದು. ಎಷ್ಟೋ ಕಾರ್ಖಾನೆ, ಅಂಗಡಿಗಳಲ್ಲಿ ಇದನ್ನು ಶಿಸ್ತಿನ ನಿಯಮವೆಂದೇ ಗೋಡೆಗೆ ಅಂಟಿಸಿರುತ್ತಾರೆ. ಗೈರಾದ ಹೊತ್ತಿಗೆ ಎಷ್ಟು ಸಂಬಳವೋ ಅದಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ ಎಂದು ಕಾನೂನು ಹೇಳುತ್ತದೆ. ದಂಡ ಹಾಕುವುದಾದರೆ ಯಾವ ತಪ್ಪಿಗೆ ಎಂದು ಮೊದಲೇ ಅನುಮತಿ ಪಡೆದು ಪ್ರಕಟಿಸಿರಬೇಕು, ಕಾರಣ ಹೇಳಲು ಅವಕಾಶ ಕೊಡಬೇಕು, ಅದು ಆ ಅವಧಿಯ ಸಂಬಳದ ಶೇಕಡ 3ನ್ನು ಮೀರಬಾರದು. ಬಟ್ಟೆ ಹಾಳಾಯಿತು, ಮೆಷಿನ್ ಕೆಟ್ಟಿತು ಎಂದು ಹಣ ಹಿಡಿಯಬೇಕಾದರೂ ಕೆಲಸಗಾರರ ಮಾತು ಕೇಳಲೇಬೇಕು. ಎಲ್ಲ ಕಡಿತಗಳೂ ಸೇರಿ ಸಂಬಳದ ಅರ್ಧವನ್ನು ದಾಟುವಂತಿಲ್ಲ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ರೂಪಾಯಿಗಿಂತ ಕಡಿಮೆ ಇದ್ದರೆ ವೃತ್ತಿ ತೆರಿಗೆ ಇಲ್ಲ. 2023ರ ಏಪ್ರಿಲ್‌ಗೆ ಮುಂಚೆ ಆ ಗೆರೆ 15,000ಕ್ಕೆ ಇತ್ತು. ಹಳೆಯ ಸಾಫ್ಟ್‌ವೇರ್‌ನಲ್ಲಿ ಇನ್ನೂ 200 ರೂಪಾಯಿ ಕಡಿತವಾಗುತ್ತಿದ್ದರೆ ಕೇಳಿ ವಾಪಸ್ ಪಡೆಯಬೇಕು.

ಸಣ್ಣ ಮೊತ್ತ ಎಂದು ಬಿಟ್ಟರೆ ಎಷ್ಟು ದೊಡ್ಡದಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ ಗಾರ್ಮೆಂಟ್ಸ್ ಉದ್ಯಮವೇ ಸಾಕ್ಷಿ. 2020ರ ಏಪ್ರಿಲ್‌ನಿಂದ ಸೇರಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ. ಕಾರ್ಖಾನೆಗಳು ಅದನ್ನು ಕೊಡಲಿಲ್ಲ. ಪರಿಣಾಮ ತಟ್ಟಿದ್ದು ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಸಂಘಟನೆಗಳು ಹೈಕೋರ್ಟಿಗೆ ಹೋದವು, ವಿದೇಶದ ಬ್ರ್ಯಾಂಡ್‌ಗಳ ಮೇಲೂ ಒತ್ತಡ ಬಿತ್ತು. 2022ರ ಆರಂಭದಲ್ಲಿ ಅತಿ ದೊಡ್ಡ ತಯಾರಕ ಕಂಪನಿ ಬಾಕಿ ಕೊಡಲು ಒಪ್ಪಿತು. 417 ರೂಪಾಯಿಯನ್ನು ಒಬ್ಬೊಬ್ಬರೇ ಕೇಳಿದ್ದರೆ ಯಾರಿಗೂ ಸಿಗುತ್ತಿರಲಿಲ್ಲ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ಕೇಳುವ ದಾರಿಯೇ ಇಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನೂ 2020ರಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ನೋಡಿದ್ದೇವೆ. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ಕೆಲವೇ ತಿಂಗಳಲ್ಲಿ ಸಾವಿರಾರು ಜನರನ್ನು ಏಜೆನ್ಸಿಗಳ ಮೂಲಕ ಸೇರಿಸಿಕೊಂಡಿದ್ದರು. ಪಾಳಿ ಎಂಟರಿಂದ ಹನ್ನೆರಡು ಗಂಟೆಗೆ ಏರಿತು, ಹಾಜರಿ ದಾಖಲಿಸುವ ವ್ಯವಸ್ಥೆ ಅದಕ್ಕೆ ತಕ್ಕಂತೆ ಬದಲಾಗಲಿಲ್ಲ. ದುಡಿದ ಗಂಟೆಗೂ ಬ್ಯಾಂಕಿಗೆ ಬಂದ ಹಣಕ್ಕೂ ತಾಳೆಯಾಗಲಿಲ್ಲ. ಡಿಸೆಂಬರ್ 12ರ ಬೆಳಿಗ್ಗೆ ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಸಿಟ್ಟು ಸ್ಫೋಟಿಸಿ ಕಾರ್ಖಾನೆ ಧ್ವಂಸವಾಯಿತು, ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಅದಾದ ವಾರದಲ್ಲೇ, ಕೆಲವು ಕಾರ್ಮಿಕರಿಗೆ ಸರಿಯಾಗಿ ಅಥವಾ ಸಮಯಕ್ಕೆ ಸಂಬಳ ಸಿಕ್ಕಿರಲಿಲ್ಲ ಎಂದು ಕಂಪನಿ ತಾನೇ ಒಪ್ಪಿಕೊಂಡು ಕ್ಷಮೆ ಕೇಳಿತು. ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ದೂರು ಹೇಳಲು ದಿನವಿಡೀ ನಡೆಯುವ ಸಹಾಯವಾಣಿ ತೆರೆಯುವುದಾಗಿಯೂ ಹೇಳಿತು. ಪಾಳಿ ಬದಲಾದಾಗಲೇ ಆ ಸಹಾಯವಾಣಿ ಇದ್ದಿದ್ದರೆ ಎಷ್ಟೋ ಮನೆಯ ಹುಡುಗರು ಜೈಲು ಕಾಣುತ್ತಿರಲಿಲ್ಲ ಎಂಬ ನೋವು ನನಗೆ ಇವತ್ತಿಗೂ ಇದೆ.

ಮುನ್ಸೂಚನೆ ಕೊಡದೆ ಒಟ್ಟಾಗಿ ಕೆಲಸ ಬಿಟ್ಟು ಹೊರಡುವುದರಲ್ಲೂ ಅಪಾಯವಿದೆ. ಹತ್ತು ಅಥವಾ ಹೆಚ್ಚು ಮಂದಿ ಹೀಗೆ ಸಕಾರಣವಿಲ್ಲದೆ ಗೈರಾದರೆ, ಕೆಲಸದ ಕರಾರಿನಲ್ಲಿ ನೋಟಿಸಿನ ಷರತ್ತಿದ್ದಲ್ಲಿ, ಎಂಟು ದಿನದವರೆಗಿನ ಸಂಬಳವನ್ನು ಹೆಚ್ಚುವರಿಯಾಗಿ ಹಿಡಿಯಲು ಕಾನೂನಿನಲ್ಲಿ ಅವಕಾಶವಿದೆ. ಕಾರಣ ಸರಿಯಿತ್ತೇ ಎಂಬ ವಾದಕ್ಕೆ ಆಮೇಲೆ ಅಲೆಯಬೇಕಾಗುತ್ತದೆ. ಅದಕ್ಕಿಂತ ಒಟ್ಟಾಗಿ ಸಹಿ ಮಾಡಿದ ಒಂದು ಹಾಳೆ ಹೆಚ್ಚು ಕೆಲಸ ಮಾಡುತ್ತದೆ.

ಆ ಹಾಳೆಯಲ್ಲಿ ದೊಡ್ಡ ಮಾತು ಬೇಡ. ‘ಜೂನ್ ತಿಂಗಳ ಸಂಬಳ ಜುಲೈ 7ರೊಳಗೆ ಬರಬೇಕಿತ್ತು, ಜುಲೈ 19ರಂದು ಬಂದಿದೆ. ಮೇ ತಿಂಗಳದ್ದು ಜೂನ್ 16ರಂದು ಬಂದಿತ್ತು. ಜೂನ್‌ನಲ್ಲಿ ನಾನು ಮಾಡಿದ 20 ಗಂಟೆ ಓಟಿಗೆ 2,500 ರೂಪಾಯಿ ಬದಲು 1,083 ರೂಪಾಯಿ ಜಮೆಯಾಗಿದೆ. ಬಾಕಿ 1,417 ರೂಪಾಯಿಯನ್ನು ಕೊಡಿಸಿ, ಮುಂದಿನ ಸಂಬಳವನ್ನು 7ನೇ ತಾರೀಖಿನೊಳಗೆ ಹಾಕಿಸಬೇಕೆಂದು ವಿನಂತಿ.’ ಇಷ್ಟು ಸಾಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಸಹಿ, ಸೀಲು ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಇಮೇಲ್ ಇದ್ದವರು ಕಂಪನಿಯ ವಿಳಾಸಕ್ಕೆ ಕಳಿಸಿ, ಪ್ರತಿಯನ್ನು ತಮ್ಮ ಸ್ವಂತ ವಿಳಾಸಕ್ಕೂ ಹಾಕಿಕೊಳ್ಳಬೇಕು. ಕೆಲಸ ಬಿಡಿಸಿದ ದಿನ ಕಂಪನಿಯ ಇಮೇಲ್ ಬಂದ್ ಆಗುತ್ತದೆ. ಸಂಬಳ ಯಾವತ್ತು ಬಂತು ಎಂಬುದಕ್ಕೆ ಬ್ಯಾಂಕ್ ಪಾಸ್‌ಬುಕ್ಕಿನ ಎಂಟ್ರಿಗಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ, ತಿಂಗಳಿಗೊಮ್ಮೆ ಹಾಕಿಸಿಡಿ. ‘ಸೋಮವಾರ ಹಾಕ್ತೀವಿ’ ಎಂದು ಎಚ್‌ಆರ್‌ನವರು ಕಳಿಸಿದ ವಾಟ್ಸಾಪ್ ಮೆಸೇಜನ್ನೂ ಅಳಿಸಬೇಡಿ.

ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆ. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೋ ಜಿಲ್ಲೆಯ ಕಾರ್ಮಿಕ ಅಧಿಕಾರಿಗೋ ದೂರು ಕೊಡಬಹುದು. ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಇದೆ. ಪತ್ರ ಯಾಕೆ ಬೇಕಿತ್ತು ಎಂಬುದು ಇಲ್ಲಿ ಗೊತ್ತಾಗುತ್ತದೆ. ಕಡಿಮೆ ಸಂಬಳ ಕೊಟ್ಟ ಮಾಲೀಕರಿಗೆ 50,000 ರೂಪಾಯಿವರೆಗೆ, ಗಡುವು ತಪ್ಪಿಸುವಂಥ ಇತರ ಉಲ್ಲಂಘನೆಗೆ 20,000ದವರೆಗೆ ದಂಡವಿದೆ. ಎರಡನೆಯ ಬಗೆಯ ತಪ್ಪಿಗೆ ಮೊದಲ ಸಲ ಅಧಿಕಾರಿ ಲಿಖಿತ ಸೂಚನೆ ಕೊಟ್ಟು ಸರಿಪಡಿಸಿಕೊಳ್ಳಲು ಅವಕಾಶ ಕೊಡುತ್ತಾರೆ, ಸರಿಪಡಿಸಿಕೊಂಡರೆ ಮೊಕದ್ದಮೆ ಇಲ್ಲ. ಐದು ವರ್ಷದೊಳಗೆ ಅದೇ ತಪ್ಪು ಮತ್ತೆ ನಡೆದರೆ ಆ ಅವಕಾಶ ಇರುವುದಿಲ್ಲ. ಮೊದಲ ತಪ್ಪು ದಾಖಲಾಗದಿದ್ದರೆ ಹತ್ತನೆಯ ತಪ್ಪೂ ಮೊದಲನೆಯದೇ ಆಗುತ್ತದೆ. ‘ಈ ಸಲ ಬಿಡೋಣ, ಮುಂದಿನ ಸಲ ನೋಡೋಣ’ ಎಂಬ ನಮ್ಮ ಒಳ್ಳೆಯತನದಿಂದ ಲಾಭವಾಗುವುದು ರೂಢಿಯಾಗಿ ತಡ ಮಾಡುವವರಿಗೆ.

ಬಾಕಿ ವಸೂಲಿಗೆ ಬೇರೆಯೇ ಅರ್ಜಿ. ಹಳೆಯ ಕಾಯ್ದೆಯಲ್ಲಿ ಅದಕ್ಕೆ 12 ತಿಂಗಳ ಕಾಲಮಿತಿ ಇತ್ತು, ಈಗ ಮೂರು ವರ್ಷ. ಸಂಬಳ ಕೊಟ್ಟಾಗಿದೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕರದು. ‘ಕೊಟ್ಟಿಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಏನಿದೆ’ ಎಂದು ಹಿಂಜರಿಯುವವರು ಇದನ್ನು ತಿಳಿದಿರಬೇಕು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಈ ಅರ್ಜಿಯನ್ನು ವಿಚಾರಿಸುವ ಪ್ರಾಧಿಕಾರಕ್ಕಿದೆ. ಹತ್ತು ಪಟ್ಟು ಎನ್ನುವುದು ಮೇಲಿನ ಮಿತಿ, ಅಷ್ಟೂ ಸಿಗುತ್ತದೆ ಎಂದು ನಂಬಿಕೊಂಡು ಹೋಗಬೇಡಿ. ಆದೇಶವಾದ ಮೇಲೂ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ಜಿಲ್ಲಾಡಳಿತದ ಮೂಲಕ ವಸೂಲಿ ಮಾಡಿಸಬಹುದು. ಒಬ್ಬರೇ ಮುಂದೆ ನಿಲ್ಲಲು ಹೆದರಿಕೆಯಿದ್ದರೆ ನೋಂದಾಯಿತ ಕಾರ್ಮಿಕ ಸಂಘವೂ ಈ ಅರ್ಜಿ ಹಾಕಬಹುದು. ಆ ಹೆದರಿಕೆ ಸುಳ್ಳಲ್ಲ. ಕೇಳಿದವರನ್ನೇ ದೂರದ ಯೂನಿಟ್‌ಗೆ ಹಾಕುವುದು, ಪಾಳಿ ಬದಲಿಸುವುದು ನಡೆಯುತ್ತಲೇ ಇದೆ. ವಕೀಲರ ಖರ್ಚಿಗೆ ಹಿಂಜರಿಯುವವರಿಗೆ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಇದಕ್ಕೆ ಆದಾಯದ ಮಿತಿಯಿಲ್ಲದೆ ಅರ್ಹರು. ಸಹಾಯವಾಣಿ 15100.

ಕಂಟ್ರಾಕ್ಟರ್ ಕೈಕೆಳಗೆ ಇರುವವರಿಗೆ ‘ನಮ್ಮನ್ನು ಕೇಳಬೇಡಿ, ಏಜೆನ್ಸಿಯನ್ನು ಕೇಳಿ’ ಎಂದು ಕಂಪನಿ, ‘ಕಂಪನಿ ಬಿಲ್ ಕೊಟ್ಟಿಲ್ಲ’ ಎಂದು ಏಜೆನ್ಸಿ ಹೇಳುತ್ತವೆ. ಕಂಟ್ರಾಕ್ಟರ್ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕು, ಆಮೇಲೆ ಅವರವರು ವಸೂಲಿ ಮಾಡಿಕೊಳ್ಳಲಿ. ಆದ್ದರಿಂದ ಪತ್ರವನ್ನು ಇಬ್ಬರಿಗೂ ಕಳಿಸಿ.

ಸಂಬಳ ತಡ ಮಾಡುವ ಕಡೆ ಪಿಎಫ್ ಕೂಡ ಬಾಕಿ ಇರುವ ಸಂಭವ ಹೆಚ್ಚು. ಚೀಟಿಯಲ್ಲಿ ಶೇಕಡ 12 ಕಡಿತ ತೋರಿಸಿರುತ್ತಾರೆ, ಖಾತೆಗೆ ಜಮೆಯಾಗಿರುವುದಿಲ್ಲ. ಮುಂದಿನ ತಿಂಗಳ 15ರೊಳಗೆ ಅದನ್ನು ಕಟ್ಟಬೇಕು. ಯುಎಎನ್ ನಂಬರ್ ಹಾಕಿ ಪಿಎಫ್ ಪಾಸ್‌ಬುಕ್ ತೆರೆದರೆ ಯಾವ ತಿಂಗಳು ಜಮೆಯಾಗಿಲ್ಲ ಎಂಬುದು ಕಾಣುತ್ತದೆ. ಅದರ ದೂರು ಪಿಎಫ್ ಕಚೇರಿಗೆ ಹೋಗಬೇಕು, ಕಾರ್ಮಿಕ ಇಲಾಖೆಗಲ್ಲ.

ಕೊನೆಗೆ ಬೇಸತ್ತು ಕೆಲಸ ಬಿಡುವವರ ಮಾತು. ರಾಜೀನಾಮೆ ಕೊಟ್ಟರೂ, ಅವರೇ ತೆಗೆದರೂ, ಕೆಲಸ ಮುಗಿದ ದಿನದಿಂದ ಎರಡು ಕೆಲಸದ ದಿನಗಳೊಳಗೆ ಸಂಬಳದ ಬಾಕಿ ಕೊಡಬೇಕು. ‘45 ದಿನ ಆಗುತ್ತೆ, ಅದು ನಮ್ಮ ಪಾಲಿಸಿ’ ಎಂಬ ಮಾತಿಗೆ ಕಾನೂನಿನ ಬಲವಿಲ್ಲ. ಆ ಹೊತ್ತಿನಲ್ಲಿ ‘ಪೂರ್ತಿ ಲೆಕ್ಕ ಚುಕ್ತಾ ಆಗಿದೆ, ಯಾವ ತಕರಾರೂ ಇಲ್ಲ’ ಎಂಬ ಕಾಗದ ಮುಂದಿಟ್ಟು, ಸಹಿ ಮಾಡಿದರೆ ಮಾತ್ರ ಚೆಕ್ಕು ಎನ್ನುತ್ತಾರೆ. ಖಾಲಿ ಹಾಳೆಗೆ ಸಹಿ ಹಾಕಲೇಬೇಡಿ. ಹಣದ ಅಗತ್ಯವಿದ್ದು ಸಹಿ ಹಾಕಲೇಬೇಕಾದರೆ, ಪಡೆದ ಮೊತ್ತವನ್ನು ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ‘ಓಟಿ ಬಾಕಿಯ ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ’ ಎಂದು ನಿಮ್ಮ ಕೈಯಲ್ಲೇ ಬರೆದು, ಫೋಟೊ ತೆಗೆದುಕೊಂಡ ಮೇಲೆ ಕೊಡಿ. ಹಾಗೆ ಬರೆಯಲು ಬಿಡದೆ ಸಹಿ ಹಾಕಿಸಿಕೊಂಡಿದ್ದರೂ ಬಾಕಿ ಮುಳುಗಿಹೋಗುವುದಿಲ್ಲ. ಸಂಹಿತೆಯಡಿ ಬರಬೇಕಾದ ಹಣದ ಹಕ್ಕನ್ನು ಬಿಟ್ಟುಕೊಡುವ ಯಾವ ಒಪ್ಪಂದವೂ ಆ ಮಟ್ಟಿಗೆ ಅಸಿಂಧು.