ಚಿಕ್ಕ ದೋಣಿಯೋ, ದೊಡ್ಡ ಬೋಟೋ?

ಹುಬ್ಬಳ್ಳಿಯ ಮೀನುಪೇಟೆಯಲ್ಲಿ ಬಂಗುಡೆಯ ಕಿವಿರನ್ನು ಎತ್ತಿ ನೋಡಿ, ದರದಲ್ಲಿ ನಾಲ್ಕು ಕಾಸು ಇಳಿಸಿಕೊಂಡು ಮನೆಗೆ ಮರಳುವ ಗೃಹಸ್ಥನಿಗೆ, ಕಾರವಾರ–ಅಂಕೋಲೆಗಳ ಮೀನು ಅರಬೈಲು ಘಾಟಿಯನ್ನೇರಿ ಬರುವುದೆಂಬುದು ಗೊತ್ತು. ಅದನ್ನು ಹಿಡಿದ ದೋಣಿ ಚಿಕ್ಕದೋ ದೊಡ್ಡದೋ ಎಂದು ಮಾತ್ರ ಆತ ಕೇಳುವುದಿಲ್ಲ. ಆದರೆ ಕಡಲತಡಿಯ ಸಂಸಾರಗಳಲ್ಲಿ ತಂದೆ-ಮಕ್ಕಳ ನಿದ್ದೆಗೆಡಿಸುವ ಪ್ರಶ್ನೆ ಇದೇ.

ನಾಡದೋಣಿಯನ್ನು ನೋಡಿ. ಕೆಲವೇ ಆಳುಗಳು, ಹಿಂಬದಿಗೊಂದು ಸಣ್ಣ ಎಂಜಿನು. ನಸುಕಿನಲ್ಲಿ ಹೊರಟರೆ ಅಂದೇ ಮರಳಿಕೆ. ಅದಕ್ಕೆ ಬಂದರಿನ ಹಂಗಿಲ್ಲ, ಮರಳದಂಡೆಗೆ ಎಳೆದಿಟ್ಟರಾಯಿತು. ಬಲೆ ಬರಿದಾದರೆ ಹೋದದ್ದು ಒಂದು ದಿನದ ಎಣ್ಣೆ, ಒಂದು ದಿನದ ಬೆವರು. ಆದರೆ ಮೀನಿನ ಹಿಂಡು ದೂರ ಸರಿದರೆ ಅದನ್ನು ಬೆನ್ನಟ್ಟುವ ಶಕ್ತಿ ಅದಕ್ಕಿಲ್ಲ.

ಆಳಸಮುದ್ರದ ಟ್ರಾಲ್ ಬೋಟಿನ ವೈಭವವೇ ಬೇರೆ. ಡೀಸೆಲ್, ಮಂಜುಗಡ್ಡೆ, ಅಕ್ಕಿ, ಕುಡಿಯುವ ನೀರು ತುಂಬಿಕೊಂಡು ಏಳೆಂಟು ಜನರೊಡನೆ ವಾರಗಟ್ಟಲೆ ಕಡಲಿನಲ್ಲಿರಬಲ್ಲದು. ಮೀನು ಸಿಕ್ಕರೆ ಒಂದೇ ಯಾನದಲ್ಲಿ ಸಾಲದ ಕಂತು ತೀರೀತು. ಸಿಗದಿದ್ದರೆ ಡೀಸೆಲ್ಲಿನ ಲೆಕ್ಕವೇ ಯಜಮಾನನನ್ನು ಮುಳುಗಿಸೀತು. ಮೇಲಾಗಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷಿದ್ಧ. ಆಗ ಬೋಟು ದಡದಲ್ಲಿರುತ್ತದೆ. ಬಡ್ಡಿಗೆ ಮಾತ್ರ ರಜೆಯಿಲ್ಲ. ಹತ್ತು ಅಶ್ವಶಕ್ತಿಯವರೆಗಿನ ಎಂಜಿನುಳ್ಳ ನಾಡದೋಣಿಗಳಿಗೆ ಈ ನಿಷೇಧದಿಂದ ವಿನಾಯಿತಿಯುಂಟು. ಆದರೆ ಮಳೆಗಾಲದ ಅಳಿವೆಯನ್ನು ದಾಟುವುದು ಮಕ್ಕಳಾಟವಲ್ಲ.

ಇದು ಒಂದು ಮನೆಯ ಲೆಕ್ಕವಷ್ಟೇ ಅಲ್ಲ. ಒಂದು ಕಾಲಕ್ಕೆ ಊರಿಗೆ ಊರೇ ದಡದಲ್ಲಿ ನಿಂತು ರಂಪಣಿ ಬಲೆಯನ್ನೆಳೆದು, ಬಂದುದನ್ನು ಪಾಲು ಹಂಚಿಕೊಳ್ಳುತ್ತಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದು ಬಂಗುಡೆ, ತಾರ್ಲೆಗಳ ಹಿಂಡನ್ನು ಕಡಲಿನಲ್ಲಿಯೇ ಸುತ್ತುವರಿದು ಹಿಡಿಯತೊಡಗಿದವು. ರಂಪಣಿ ಕ್ರಮೇಣ ಮೂಲೆ ಸೇರಿತು. ಅದರೊಡನೆ ಎಷ್ಟೋ ಮನೆಗಳ ಪಾಲೂ ಹೋಯಿತು.

ದೊಡ್ಡದಾದ ಮಾತ್ರಕ್ಕೆ ನಿರ್ಭಯವೂ ಅಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಏಳು ಮಂದಿಯೊಡನೆ ಹೊರಟ ‘ಸುವರ್ಣ ತ್ರಿಭುಜ’ ಮರಳಲಿಲ್ಲ. 2019ರ ಮೇ ತಿಂಗಳಲ್ಲಿ ಅದರ ಅವಶೇಷ ಮಹಾರಾಷ್ಟ್ರದ ಮಾಲವಣದಾಚೆ ಕಡಲತಳದಲ್ಲಿ ಪತ್ತೆಯಾಯಿತು. ಆ ಏಳು ಮಂದಿಯಲ್ಲಿ ಉತ್ತರ ಕನ್ನಡದವರೂ ಇದ್ದರು.

ಹಾಗಾದರೆ ಆಯ್ಕೆ ಯಾವುದು? ಬೋಟಿನ ಉದ್ದವನ್ನು ಅಳೆಯುವ ಮೊದಲು ಮನೆಯ ತಾಳಿಕೆಯನ್ನು ಅಳೆಯಬೇಕು. ಬರಿಗೈಯಲ್ಲಿ ಮರಳಿದ ಎಷ್ಟು ದಿನಗಳನ್ನು ಈ ಸಂಸಾರ ಸಹಿಸಬಲ್ಲದು? ಪಾಲುಗಾರರಿದ್ದು, ಹತ್ತಿರದಲ್ಲಿ ಬಂದರಿದ್ದು, ಸುಗ್ಗಿಯ ಹಣವನ್ನು ಮಳೆಗಾಲಕ್ಕೆ ಕಾದಿಡುವ ಬುದ್ಧಿಯೂ ಇದ್ದರೆ ದೊಡ್ಡ ಬೋಟು ಭಾಗ್ಯವೇ ಸರಿ. ಮನೆಯೊಡತಿಯ ಬಳೆಗಳನ್ನು ಅಡವಿಟ್ಟು ಕೊಳ್ಳಬೇಕಾದರೆ ಚಿಕ್ಕ ದೋಣಿಯೇ ಲೇಸು. ಅದು ಹೊಟ್ಟೆ ತುಂಬ ಉಣಿಸದಿದ್ದರೂ ಮನೆಯನ್ನು ನುಂಗಲಾರದು.

ಮುಂದಿನ ಜೂನಿನಲ್ಲಿ ಮೀನು ತುಟ್ಟಿಯಾಯಿತೆಂದು ಗೊಣಗುವಾಗ, ಘಾಟಿಯ ಕೆಳಗೆ ದಡ ಸೇರಿದ ಬೋಟಿನ ನೆರಳಿನಲ್ಲಿ ಕುಳಿತು ಬಲೆ ಹೆಣೆಯುತ್ತಿರುವ ಆ ತಂದೆ-ಮಗನನ್ನೂ ಒಮ್ಮೆ ನೆನೆಯೋಣ.