ಹನ್ನೆರಡು ವರ್ಷಕ್ಕೆ ಮನೆ ಬಾಡಿಗೆದಾರನದಾಗುವುದಿಲ್ಲ

ಜಯನಗರದಲ್ಲೋ ಬನಶಂಕರಿಯಲ್ಲೋ ಮೊದಲ ಸಲ ಮನೆ ಬಾಡಿಗೆಗೆ ಕೊಡಲು ಹೊರಟವರನ್ನು ಮಾತಾಡಿಸಿ ನೋಡಿ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಎನ್ನುವುದಕ್ಕೂ ಮೊದಲು ಅವರು ಕೇಳುವುದು ಇದನ್ನೇ: 'ಹನ್ನೆರಡು ವರ್ಷ ಇದ್ಬಿಟ್ರೆ ಮನೆ ಅವರ್ದೇ ಆಗೋಗುತ್ತಂತಲ್ಲ?' ಹೀಗೆ ಕೇಳುವವರು ಓದುಬರಹ ಬಾರದವರಲ್ಲ. ಬ್ಯಾಂಕಿನಲ್ಲಿ ಸಾಲದ ಕಾಗದಪತ್ರ ನೋಡುತ್ತಲೇ ಸರ್ವೀಸ್ ಮುಗಿಸಿದವರು, ಕಾಲೇಜಿನಲ್ಲಿ ಪಾಠ ಹೇಳಿದವರು, ಮಕ್ಕಳನ್ನು ಅಮೆರಿಕಕ್ಕೆ ಕಳಿಸಿ ಮೇಲಿನ ಮನೆಯನ್ನು ಖಾಲಿ ಇಟ್ಟುಕೊಂಡವರು. ಕಾನೂನಿನ ಪುಸ್ತಕದಲ್ಲಿ ಇದನ್ನು ಕಣ್ಣಾರೆ ಕಂಡಿರಾ ಎಂದು ಕೇಳಿದರೆ, 'ಎಲ್ಲರೂ ಹೇಳ್ತಾರಲ್ಲ' ಎನ್ನುತ್ತಾರೆ.

ಎಲ್ಲರೂ ಹೇಳುವ ಈ ಮಾತು ತಪ್ಪು. ಮನೆಯೊಡೆಯನಿಂದ ಬಾಡಿಗೆಗೆ ಪಡೆದು ಬಾಡಿಗೆ ಕೊಡುತ್ತ ಇರುವವನು ಹನ್ನೆರಡಲ್ಲ, ನಲವತ್ತು ವರ್ಷ ಇದ್ದರೂ ಬಾಡಿಗೆದಾರನೇ. ವರ್ಷ ಉರುಳಿತು ಎಂಬ ಕಾರಣಕ್ಕೆ ಅವನಿಗೆ ಮಾಲೀಕತ್ವ ಬರುವುದಿಲ್ಲ.

ಕಾನೂನಿನಲ್ಲಿ ಹನ್ನೆರಡು ವರ್ಷ ಎಂಬ ಲೆಕ್ಕ ಇರುವುದು ನಿಜ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ, ನಿಮ್ಮ ಸ್ವತ್ತನ್ನು ಇನ್ನೊಬ್ಬ ನಿಮಗೆ ವಿರುದ್ಧವಾಗಿ, ತನ್ನದೇ ಎಂದು ಬಹಿರಂಗವಾಗಿ ಸಾಧಿಸುತ್ತ, ಸತತವಾಗಿ ಹನ್ನೆರಡು ವರ್ಷ ಅನುಭವಿಸಿದರೆ, ನೀವು ಅಷ್ಟೂ ಕಾಲ ಕೋರ್ಟಿಗೆ ಹೋಗದೆ ಸುಮ್ಮನಿದ್ದರೆ, ಆಮೇಲೆ ಅದನ್ನು ವಾಪಸ್ ಕೇಳುವ ಹಕ್ಕು ಹೋಗುತ್ತದೆ. ವಕೀಲರ ಬಾಯಲ್ಲಿ ಇದು ಅಡ್ವರ್ಸ್ ಪೊಸೆಷನ್, ಕನ್ನಡದ ಕಾನೂನು ಬರಹಗಳಲ್ಲಿ ಪ್ರತಿಕೂಲ ಸ್ವಾಧೀನ. ಇಲ್ಲಿ ಗಮನಿಸಬೇಕಾದ್ದು ವರ್ಷವನ್ನಲ್ಲ, ವಿರೋಧವನ್ನು. ಬಾಡಿಗೆದಾರ ಮನೆಯೊಳಗೆ ಬಂದದ್ದೇ ನಿಮ್ಮ ಅನುಮತಿಯಿಂದ. ತಿಂಗಳು ತಿಂಗಳೂ ಬಾಡಿಗೆ ಹಾಕುತ್ತಿದ್ದಾನೆ ಎಂದರೆ ಮನೆ ನಿಮ್ಮದು ಎಂದು ತಿಂಗಳು ತಿಂಗಳೂ ಒಪ್ಪಿಕೊಳ್ಳುತ್ತಿದ್ದಾನೆ. ಇಂಥ ವಾಸವನ್ನು ಪ್ರತಿಕೂಲ ಎನ್ನಲು ಬರುವುದಿಲ್ಲ. ಸಾಲದ್ದಕ್ಕೆ, 1872ರ ಸಾಕ್ಷ್ಯ ಕಾಯ್ದೆಯ 116ನೇ ಕಲಂ ಬಾಡಿಗೆದಾರನ ಬಾಯನ್ನೇ ಕಟ್ಟಿಹಾಕಿತ್ತು: ಬಾಡಿಗೆ ಹಿಡಿದಾಗ ಮನೆಯೊಡೆಯನಿಗಿದ್ದ ಹಕ್ಕನ್ನು, ಬಾಡಿಗೆ ಸಂಬಂಧ ಇರುವ ತನಕ ಬಾಡಿಗೆದಾರ ಅಲ್ಲಗಳೆಯುವಂತಿಲ್ಲ. 2024ರ ಜುಲೈ 1ರಿಂದ ಆ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ಅದರ 122ನೇ ಕಲಮಿನಲ್ಲೂ ಈ ನಿರ್ಬಂಧ ಉಳಿದಿದೆ. ನೂರೈವತ್ತು ವರ್ಷದಿಂದ ಪುಸ್ತಕದಲ್ಲಿರುವ ರಕ್ಷಣೆ ಇದು, ನಮ್ಮ ಮನೆಯೊಡೆಯರ ಕಿವಿಗೆ ಇನ್ನೂ ಬಿದ್ದಿಲ್ಲ.

ಹಾಗಿದ್ದರೆ ಈ ಭಯ ಎಲ್ಲಿಂದ ಬಂತು? ಕರ್ನಾಟಕದ ಮಟ್ಟಿಗೆ ಇದಕ್ಕೆ ಗಟ್ಟಿಯಾದ ಚರಿತ್ರೆಯೇ ಇದೆ ಎಂದು ನಾನು ನಂಬುತ್ತೇನೆ. 1974ರ ಮಾರ್ಚ್ 1ರಂದು, ದೇವರಾಜ ಅರಸರ ಕಾಲದಲ್ಲಿ, ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿಗೆ ಕೊಟ್ಟಿದ್ದ ಕೃಷಿಭೂಮಿ ಸರ್ಕಾರಕ್ಕೆ ಸೇರಿತು, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮೂಲಕ ಒಡೆಯರಾದರು. ತಲೆಮಾರುಗಳಿಂದ ಉತ್ತವರಿಗೆ ನೆಲ ಸಿಕ್ಕಿದ್ದು ನ್ಯಾಯ. ಆದರೆ ಹೊಲ ಕಳೆದುಕೊಂಡ ಎಷ್ಟೋ ಕುಟುಂಬಗಳು ಬೆಂಗಳೂರಿಗೆ ಬಂದು, ನೌಕರಿ ಹಿಡಿದು, ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಸೈಟು ಕೊಂಡು ಮನೆ ಕಟ್ಟಿದವು. 'ಬೇರೆಯವರ ಕೈಗೆ ಕೊಟ್ಟದ್ದು ವಾಪಸ್ ಬರಲ್ಲ' ಎಂಬ ಅಜ್ಜನ ಮಾತು ಆ ಮನೆಗಳಲ್ಲಿ ಉಳಿದುಬಿಟ್ಟಿತು. ಆ ಕಾಯ್ದೆಗೂ ಬಿಡಿಎ ಸೈಟಿನಲ್ಲಿ ಕಟ್ಟಿದ ಮೇಲಿನ ಮನೆಗೂ ಯಾವ ಸಂಬಂಧವೂ ಇಲ್ಲ.

ಇನ್ನೊಂದು ಬೇರು 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿದೆ. ಮನೆ ಖಾಲಿಯಾದರೆ ಕಂಟ್ರೋಲರ್‌ಗೆ ತಿಳಿಸಬೇಕಿತ್ತು, ಅದನ್ನು ಯಾರಿಗೆ ಕೊಡಬೇಕೆಂದು ಅವರೇ ಹೇಳಬಹುದಿತ್ತು, ಕಾನೂನು ಪಟ್ಟಿ ಮಾಡಿದ ಕಾರಣವಿಲ್ಲದೆ ಬಾಡಿಗೆದಾರನನ್ನು ಎಬ್ಬಿಸುವಂತಿರಲಿಲ್ಲ. ಚಾಮರಾಜಪೇಟೆ, ಬಸವನಗುಡಿಗಳಲ್ಲಿ ನೂರಿನ್ನೂರು ರೂಪಾಯಿಗೆ ದಶಕಗಟ್ಟಲೆ ಕೂತವರ ಕತೆಗಳು ಹುಟ್ಟಿದ್ದು ಆಗ. ಆ ಕತೆಗಳನ್ನೇ ಸರಿಯಾಗಿ ಕೇಳಿಸಿಕೊಳ್ಳಿ. ಮೂವತ್ತು ವರ್ಷ ಕೂತವರ ಮೇಲೂ ಮನೆಯೊಡೆಯರು ಹಾಕಿದ್ದು ತೆರವಿನ ಕೇಸು. ಮನೆ ಬಿಡಬೇಕೋ ಬೇಡವೋ ಎಂಬುದೇ ಆ ವ್ಯಾಜ್ಯ, ಮನೆ ಯಾರದು ಎಂಬುದಲ್ಲ. ಆ ಕಾಯ್ದೆಯೂ ಈಗಿಲ್ಲ. ಅದರ ಬದಲಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಬೆಂಗಳೂರಿನಂಥ ಊರಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿಗಿಂತ ಹೆಚ್ಚಿದ್ದರೆ ವಾಸದ ಮನೆಗೆ ಅದು ಅನ್ವಯಿಸುವುದೇ ಇಲ್ಲ. ಬಿಟಿಎಂ ಲೇಔಟಿನಲ್ಲಿ ಒಂದು ಸಿಂಗಲ್ ರೂಮೂ ಇವತ್ತು ಆ ದರಕ್ಕೆ ಸಿಗದು. ಹಾಗಾಗಿ ನಿಮ್ಮ ಮನೆಯ ವಿಷಯ ನಡೆಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ. ಕರಾರಿನ ಅವಧಿ ಮುಗಿದರೆ ಬಾಡಿಗೆ ಹಕ್ಕು ಮುಗಿಯಿತು. ಅವಧಿ ಮುಗಿದ ಮೇಲೂ ನೀವು ಬಾಡಿಗೆ ತೆಗೆದುಕೊಳ್ಳುತ್ತಿದ್ದರೆ ಅದು ತಿಂಗಳ ಬಾಡಿಗೆಯಾಗಿ ಮುಂದುವರಿಯುತ್ತದೆ, ಬೇರೆ ಕರಾರಿಲ್ಲದಿದ್ದರೆ 15 ದಿನದ ನೋಟಿಸಿನಿಂದ ಕೊನೆಗೊಳ್ಳುತ್ತದೆ. ಆಗಲೂ ಬಿಡದಿದ್ದರೆ ಬೆಂಗಳೂರಲ್ಲಿ ಸ್ಮಾಲ್ ಕಾಸಸ್ ಕೋರ್ಟಿದೆ. ಕೇಸಿಗೆ ಕಾಲ ಹಿಡಿಯುತ್ತದೆ, ನಿಜ. ನಿಧಾನ ಆಗುತ್ತದೆ ಎಂದು ಹೆದರಿದರೆ ಒಪ್ಪೋಣ, ಮನೆಯೇ ಹೋಗುತ್ತದೆ ಎನ್ನುವುದನ್ನು ಒಪ್ಪಲಾಗದು.

ಇವೆರಡರ ಮೇಲೆ ವಾಟ್ಸ್ಆ್ಯಪ್ ಬಂತು. 2019ರ ಆಗಸ್ಟ್ 7ರಂದು ರವೀಂದರ್ ಕೌರ್ ಗ್ರೇವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರತಿಕೂಲ ಸ್ವಾಧೀನದಿಂದ ಹಕ್ಕು ಪಡೆದವನು ಅದರ ಆಧಾರದ ಮೇಲೆ ತಾನೇ ದಾವೆಯನ್ನೂ ಹೂಡಬಹುದು ಎಂದಿತು. ಅದು ಬಾಡಿಗೆದಾರರನ್ನು ಕುರಿತ ತೀರ್ಪಲ್ಲ. ಆದರೂ 'ಹನ್ನೆರಡು ವರ್ಷ ಇದ್ದ ಬಾಡಿಗೆದಾರನೇ ಮಾಲೀಕ: ಸುಪ್ರೀಂ ಕೋರ್ಟ್' ಎಂಬ ತಲೆಬರಹ ಹೊತ್ತು ಅದು ಮನೆಮನೆಯ ಗ್ರೂಪಿಗೆ ಹೋಯಿತು, ಈಗಲೂ ಆಗಾಗ ಬರುತ್ತಿರುತ್ತದೆ. ಒಂದು ಮಿಕ್ಸಿ ಕೊಳ್ಳಲು ನಾಲ್ಕಂಗಡಿ ಸುತ್ತುವ ಜನ, ಕೋಟಿ ಬೆಲೆಯ ಮನೆಯ ಬಗ್ಗೆ ಬಂದ ಸುಳ್ಳನ್ನು ಒಬ್ಬ ವಕೀಲರಿಗೂ ತೋರಿಸದೆ ಮುಂದಕ್ಕೆ ಕಳಿಸುತ್ತಾರೆ. ಇದು ನನಗೆ ಸಿಟ್ಟು ತರಿಸುತ್ತದೆ, ಏಕೆಂದರೆ ಇದರ ಬೆಲೆ ತೆರುತ್ತಿರುವವರು ಬಾಡಿಗೆ ಮನೆಯಲ್ಲಿರುವವರು.

ಮಕ್ಕಳ ಶಾಲೆ ಪಕ್ಕದಲ್ಲೇ ಇದೆ, ಬಾಡಿಗೆ ಐದನೇ ತಾರೀಖಿನೊಳಗೆ ಬರುತ್ತಿದೆ, ಗೋಡೆಗೆ ಒಂದು ಮೊಳೆಯನ್ನೂ ಕೇಳದೆ ಹೊಡೆದಿಲ್ಲ. ಅಂಥ ಸಂಸಾರವನ್ನೂ 'ಬಹಳ ವರ್ಷ ಆಯ್ತು, ಇನ್ನು ಸಾಕು' ಎಂದು ಎಬ್ಬಿಸುತ್ತಾರೆ. ಅವರು ಮತ್ತೆ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ತೆತ್ತು, ಅಡ್ವಾನ್ಸ್ ಹೊಂದಿಸಿಕೊಂಡು, ಸಾಮಾನು ಸಾಗಿಸಬೇಕು. ಮನೆಯೊಡೆಯನಿಗೂ ಲಾಭವಿಲ್ಲ. ಹೊಸಬರು ಬರುವವರೆಗೆ ಮನೆ ಖಾಲಿ, ಬರುವವರು ಹೇಗೋ ಏನೋ.

ಆಧಾರ್ ವಿಷಯವೂ ಇದೇ ಭಯದ ಕೂಸು. ನಮ್ಮ ಮನೆ ವಿಳಾಸಕ್ಕೆ ಆಧಾರ್ ಮಾಡಿಸಬೇಡಿ, ಗ್ಯಾಸ್ ಕನೆಕ್ಷನ್ ತರಬೇಡಿ, ವೋಟರ್ ಐಡಿ ಬದಲಿಸಬೇಡಿ ಎನ್ನುವ ಮನೆಯೊಡೆಯರು ನಮ್ಮ ಬಡಾವಣೆಗಳಲ್ಲಿ ಎಷ್ಟಿಲ್ಲ! ವಿಳಾಸ ಎಂದರೆ ಕಾಗದ ತಲುಪುವ ಜಾಗ. ಅದು ಹಕ್ಕುಪತ್ರವಲ್ಲ, ಖಾತೆಯಲ್ಲ. 2023ರಲ್ಲಿ ಗೃಹಜ್ಯೋತಿ ಬಂದಾಗ ಈ ಅಂಜಿಕೆ ಬೀದಿಗೇ ಬಂತು. ಆ ವರ್ಷ ಜೂನ್ 18ರಿಂದ ನೋಂದಣಿ ಶುರುವಾಯಿತು, ಬಾಡಿಗೆದಾರರೂ ಕರಾರುಪತ್ರ ತೋರಿಸಿ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ತಿಗೆ ಸೇರಬಹುದಿತ್ತು. ಮೀಟರಿಗೆ ಬಾಡಿಗೆದಾರನ ಆಧಾರ್ ಜೋಡಿಸಿದರೆ ಮನೆಯೇ ಅವನದಾಗುತ್ತದೆ ಎಂದು ಎಷ್ಟೋ ಮನೆಯೊಡೆಯರು ಕರಾರಿನ ಪ್ರತಿಯನ್ನೂ ಕೊಡಲಿಲ್ಲ. ಬೆಸ್ಕಾಂ ಬಿಲ್ಲಿನಲ್ಲಿ ಮಾಲೀಕರ ಹೆಸರು ಹಾಗೆಯೇ ಇರುತ್ತದೆ. ಸರ್ಕಾರ ಕೊಟ್ಟ ಸವಲತ್ತು ಕೆಳಗಿನ ಮನೆಯವರ ಹೆದರಿಕೆಯಿಂದ ಮೇಲಿನ ಮನೆಯವರಿಗೆ ತಪ್ಪಿಹೋಯಿತು.

ಎಲ್ಲಕ್ಕಿಂತ ಹೆಚ್ಚು ಬೇಸರದ ಸಂಗತಿ ಬೇರೆ ಇದೆ. ಈ ಭಯದಲ್ಲಿ ಮನೆಯೊಡೆಯರು ತಮ್ಮ ರಕ್ಷಣೆಯನ್ನೇ ಕೈಯಾರೆ ಹಾಳುಮಾಡಿಕೊಳ್ಳುತ್ತಾರೆ. ಬರೆದುಕೊಟ್ಟರೆ ಸಿಕ್ಕಿಬೀಳುತ್ತೇವೆ ಎಂದು ಕರಾರು ಮಾಡುವುದಿಲ್ಲ. ಬಾಡಿಗೆಯನ್ನು ನಗದಾಗಿ ಇಸಿದುಕೊಳ್ಳುತ್ತಾರೆ, ರಸೀದಿ ಕೊಡುವುದಿಲ್ಲ. ನಾಳೆ ಆ ಮನುಷ್ಯ ನಿಜವಾಗಿಯೂ ತಿರುಗಿಬಿದ್ದು 'ನಾನು ಬಾಡಿಗೆದಾರನೇ ಅಲ್ಲ' ಎಂದರೆ ಏನು ತೋರಿಸುತ್ತಾರೆ? ಸಾಕ್ಷ್ಯ ಕಾನೂನು ಅವನ ಬಾಯಿ ಕಟ್ಟುವುದು ಅವನು ಬಾಡಿಗೆದಾರ ಎಂದು ಸಾಬೀತಾದ ಮೇಲೆ. ಅದನ್ನು ಸಾಬೀತು ಮಾಡುವುದು ಕರಾರುಪತ್ರ, ಬ್ಯಾಂಕಿಗೆ ಬಂದ ಬಾಡಿಗೆ, ಕೊಟ್ಟ ರಸೀದಿಯ ಅಡಿಹಾಳೆ. ಗೃಹಜ್ಯೋತಿಗೆ ಬಾಡಿಗೆದಾರನಾಗಿ ಹಾಕಿದ ಅರ್ಜಿ ಕೂಡ ಅವನೇ ಬರೆದುಕೊಟ್ಟ ಒಪ್ಪಿಗೆ.

ಹನ್ನೆರಡು ವರ್ಷದ ಲೆಕ್ಕ ಕಾಡುವ ಸಂದರ್ಭ ಇಲ್ಲವೇ ಇಲ್ಲವೆಂದಲ್ಲ. ಕಾಲಮಿತಿ ಕಾಯ್ದೆಯ 67ನೇ ಅನುಚ್ಛೇದದಂತೆ, ಬಾಡಿಗೆ ಹಕ್ಕು ಕೊನೆಗೊಂಡ ದಿನದಿಂದ ಹನ್ನೆರಡು ವರ್ಷದೊಳಗೆ ಮನೆಯೊಡೆಯ ಸ್ವಾಧೀನಕ್ಕೆ ದಾವೆ ಹೂಡಬೇಕು. ಅಂದರೆ ನೋಟಿಸ್ ಕೊಟ್ಟು, ಬಾಡಿಗೆ ನಿಲ್ಲಿಸಿ, ಆಮೇಲೆ ಒಂದು ವ್ಯಾಜ್ಯವನ್ನೂ ಹೂಡದೆ ವರ್ಷಗಟ್ಟಲೆ ಮರೆತು ಕೂತವರು ಯೋಚಿಸಬೇಕು. ಅವರಿಗಿಂತ ಮೊದಲು ಯೋಚಿಸಬೇಕಾದವರು ಬನಶಂಕರಿ ಆರನೇ ಹಂತದಂಥ ಕಡೆ ಬೇಲಿಯೂ ಇಲ್ಲದೆ ಸೈಟು ಬಿಟ್ಟು ಹೋದವರು. ಅಲ್ಲಿ ಶೆಡ್ ಹಾಕಿಕೊಂಡವನು ಯಾರ ಅನುಮತಿಯನ್ನೂ ಕೇಳಿರುವುದಿಲ್ಲ. ಬಾಡಿಗೆದಾರನಿಗೆ ಹೆದರಿ ಸ್ವತ್ತನ್ನು ಖಾಲಿ ಬಿಟ್ಟು ಕಣ್ಣು ಹಾಯಿಸದವರೇ ನಿಜವಾದ ಅಪಾಯಕ್ಕೆ ಬಾಗಿಲು ತೆರೆದಿದ್ದಾರೆ.

ಹನ್ನೊಂದು ತಿಂಗಳ ಕರಾರು ಬಾಡಿಗೆದಾರನ ಹಕ್ಕು ತಡೆಯುವ ಮಂತ್ರವೂ ಅಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು, ಆ ಖರ್ಚು ಉಳಿಸಲು ಹುಟ್ಟಿದ ರೂಢಿ ಅದು, ಅಷ್ಟೇ. ಹನ್ನೊಂದು ತಿಂಗಳಾದ ಮೇಲೆ ಅದೇ ಜನರಿಗೆ ಇನ್ನೊಂದು ಕರಾರು ಬರೆದುಕೊಟ್ಟರೆ ಆಕಾಶವೇನೂ ಬೀಳುವುದಿಲ್ಲ. ಛಾಪಾ ಶುಲ್ಕವನ್ನು ಮಾತ್ರ ಬಾಡಿಗೆ, ಅಡ್ವಾನ್ಸ್ ನೋಡಿ ಸರಿಯಾಗಿ ಕಟ್ಟಿ. ಕಡಿಮೆ ಕಟ್ಟಿದ ಪತ್ರವನ್ನು ಕೋರ್ಟು ಸಾಕ್ಷ್ಯವಾಗಿ ತೆಗೆದುಕೊಳ್ಳಬೇಕಾದರೆ ಕೊರತೆಯ ಜೊತೆಗೆ ಅದರ ಹತ್ತು ಪಟ್ಟು ದಂಡ ತೆರಬೇಕಾಗುತ್ತದೆ.

ಬಾಡಿಗೆ ಕೊಡದವನ ನೀರು, ಕರೆಂಟು ಕತ್ತರಿಸಿ ಬೀಗ ಹಾಕಬಹುದು ಎಂಬುದೂ ತಪ್ಪು. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ, ಮಾಲೀಕ ನೀವೇ ಆಗಿದ್ದರೂ, ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಅವನು ಮನೆ ಸ್ವಾಧೀನ ವಾಪಸ್ ಪಡೆಯಬಹುದು. ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳಲು ಯಾವ ಕಾಯ್ದೆಯೂ ಹೇಳಿಲ್ಲ, ಕರಾರಿನಲ್ಲಿ ಬರೆದಿದ್ದರೆ ಮಾತ್ರ ಅದಕ್ಕೆ ಆಧಾರ. ವಾಸದಿಂದ ಆಗುವ ಸಹಜ ಸವೆತವನ್ನು ಬಾಡಿಗೆದಾರನ ತಲೆಗೆ ಕಟ್ಟುವಂತಿಲ್ಲ. ಬಾಡಿಗೆ ಆದಾಯ ಮುಚ್ಚಿಡಲು ಪ್ಯಾನ್ ಕೊಡದವರು, ರಿಪೇರಿ ಮಾಡಿಸಿರಲಿ ಬಿಡಲಿ ತೆರಿಗೆಗೆ ಮೊದಲು ನೂರಕ್ಕೆ ಮೂವತ್ತು ವಿನಾಯಿತಿ ಸಿಗುತ್ತದೆ ಎಂಬುದನ್ನು ಯಾರಿಂದಲೂ ಕೇಳಿ ತಿಳಿದುಕೊಂಡಿರುವುದಿಲ್ಲ.

ಜನರನ್ನು ಆರಿಸುವಲ್ಲಿಯೂ ಇದೇ ಕೇಳಿಕೆ ಮಾತುಗಳ ರಾಜ್ಯ. ಸಸ್ಯಾಹಾರಿಗಳಾದರೆ ಮನೆ ಶುದ್ಧವಾಗಿಡುತ್ತಾರೆ, ಬ್ಯಾಚುಲರ್‌ಗಳೆಲ್ಲ ಗಲಾಟೆ, ಒಂಟಿ ಹೆಂಗಸಿಗೆ ಕೊಟ್ಟರೆ ತಲೆನೋವು. ಬಿಟಿಎಂ, ಜೆ.ಪಿ. ನಗರಗಳಲ್ಲಿ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬರುವ ನರ್ಸುಗಳು, ಮೊದಲ ಸಂಬಳದಲ್ಲಿ ಊರಿಗೆ ದುಡ್ಡು ಕಳಿಸುವ ಹುಡುಗರು ಇಂಥ ಮಾತಿಗೆ ಗೇಟಿನಿಂದಲೇ ವಾಪಸ್ ಹೋಗುತ್ತಾರೆ. ಊಟದಿಂದ, ಜಾತಿಯಿಂದ ಬಾಡಿಗೆ ಯಾವ ತಾರೀಖಿಗೆ ಬರುತ್ತದೆಂದು ತಿಳಿಯುವುದಿಲ್ಲ. ಪೊಲೀಸ್ ವೆರಿಫಿಕೇಷನ್ ಮಾಡಿಸಿ, ಒಳ್ಳೆಯದು. ಅದು ಅಪರಾಧದ ದಾಖಲೆಯ ಬಗ್ಗೆ ಹೇಳೀತು, ನಡವಳಿಕೆಯ ಬಗ್ಗೆ ಅಲ್ಲ. ಕೆಲಸದ ಗುರುತಿನ ಚೀಟಿ ನೋಡಿ, ಮೂರು ತಿಂಗಳ ಸಂಬಳದ ಚೀಟಿ ಕೇಳಿ, ಬಾಡಿಗೆ ಆ ಸಂಬಳಕ್ಕೆ ಭಾರವಾಗದೇ ಎಂದು ಲೆಕ್ಕ ಹಾಕಿ. ಆಮೇಲೆ ಓನರ್ ಒಬ್ಬರಿಗೆ ಫೋನ್ ಮಾಡಿ. ಈಗಿರುವ ಮನೆಯ ಓನರ್‌ಗಲ್ಲ, ಅವರಿಗೆ ಇವರನ್ನು ಸಾಗಹಾಕುವ ಆತುರವಿದ್ದರೆ ಹೊಗಳಿಯೇ ಹೊಗಳುತ್ತಾರೆ. ಅದಕ್ಕೂ ಮೊದಲು ಇದ್ದ ಮನೆಯ ಓನರನ್ನು ಹುಡುಕಿ ಮಾತಾಡಿ. ಬಾಡಿಗೆ ತಡವಾಗಿತ್ತೇ, ಬಿಡುವ ಮೊದಲು ತಿಂಗಳ ಮುಂಚೆ ಹೇಳಿದ್ದರೇ, ಬೀಗದ ಕೈ ಕೊಟ್ಟ ದಿನ ಮನೆ ಹೇಗಿತ್ತು ಎಂದು ಕೇಳಿ. ಆ ಬಾಡಿಗೆದಾರರು ಬಿಟ್ಟುಹೋಗಿ ವರ್ಷಗಳಾಗಿರುವುದರಿಂದ ಆ ಓನರ್‌ಗೆ ಸುಳ್ಳು ಹೇಳುವ ಅಗತ್ಯವಿರುವುದಿಲ್ಲ.