ಚಂದಾ ಸಾಧನಗಳೂ ಮುಕ್ತ ಸಾಧನಗಳೂ

ಚಂದಾ ಎಂಬ ಶಬ್ದವನ್ನು ಪತ್ರಿಕೆಯವರು ನಿಂದಿಸುವುದು ತರವಲ್ಲ. ನಮ್ಮ ಕಾಗದ, ಮಸಿ, ಕೆಲಸಗಾರರ ಸಂಬಳ ಎಲ್ಲವೂ ಚಂದಾದಾರರ ಹಣದಿಂದಲೇ ನಡೆಯತಕ್ಕವು. ಆದರೆ ಚಂದಾ ತೀರಿದ ಮರುದಿನವೇ ಹಿಂದಿನ ವರ್ಷದ ಸಂಚಿಕೆಗಳನ್ನು ಚಂದಾದಾರರ ಕಪಾಟಿನಿಂದ ಕಿತ್ತುಕೊಂಡು ಬರುವ ಅಧಿಕಾರವು ಯಾವ ಪತ್ರಿಕೆಗೂ ಇಲ್ಲ. ಕಂಪ್ಯೂಟರಿನ ಸಾಧನಗಳಿಗೆ ಈಗ ಹಬ್ಬಿರುವ ಚಂದಾ ಬೇರೆ ಬಗೆಯದು. ಹಣ ನಿಂತೊಡನೆ ಸಾಧನವೂ ನಿಲ್ಲುವುದು. ಮಾಡಿಟ್ಟ ಕೆಲಸವು ನಮ್ಮಲ್ಲಿಯೇ ಉಳಿದರೂ ಅದನ್ನು ತಿದ್ದುವ ಉಳಿಯು ಕೈತಪ್ಪಿ ಹೋಗುವುದು.

ಈ ವಿಚಾರವು ಮಹಾನಗರಗಳ ಕಂಪನಿಗಳಿಗೆ ಮಾತ್ರ ಸೇರಿದುದೆಂದು ವಾಚಕ ಮಹಾಶಯರು ಭಾವಿಸಬಾರದು. ಹಾಸನದಲ್ಲಿ 1960ರಲ್ಲಿ ಸ್ಥಾಪಿತವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಂತಹ ವಿದ್ಯಾಸಂಸ್ಥೆಗಳಲ್ಲಿ ಕಲಿತು, ಹೊಳೆನರಸೀಪುರದಲ್ಲಿಯೋ ಅರಕಲಗೂಡಿನಲ್ಲಿಯೋ ಚನ್ನರಾಯಪಟ್ಟಣದಲ್ಲಿಯೋ ಕುಳಿತು, ಶಾಲೆಗೆ, ಸಹಕಾರ ಸಂಘಕ್ಕೆ, ಅಂಗಡಿಗೆ ಜಾಲತಾಣವನ್ನು ಕಟ್ಟಿಕೊಡಬಯಸುವ ತರುಣನಿಗೆ ಮೊದಲು ಎದುರಾಗುವ ಪ್ರಶ್ನೆಯೇ ಇದು. ಚಿತ್ರ ತಿದ್ದುವ ಫೋಟೋಶಾಪನ್ನೂ ಜಾಲಪುಟ ಕಟ್ಟುವ ಡ್ರೀಮ್‌ವೀವರನ್ನೂ ಅಡೋಬಿ ಕಂಪನಿಯು ಹಿಂದೆ ಒಂದೇ ಸಲದ ಬೆಲೆಗೆ ಮಾರುತ್ತಿತ್ತು. 2013ರ ಮೇ ತಿಂಗಳಲ್ಲಿ, ಮುಂದಿನ ಹೊಸ ಆವೃತ್ತಿಗಳು ಚಂದಾ ಕೊಡುವವರಿಗೆ ಮಾತ್ರವೆಂದು ಸಾರಿತು. ತಿಂಗಳು ತಿಂಗಳೂ ಸಂಬಳ ಬರುವವನಿಗೆ ಇದು ಭಾರವೆನಿಸದಿರಬಹುದು. ಬೆಳೆ ಕೈಸೇರಿದಾಗಲೇ ಹಣದ ಮುಖ ಕಾಣುವ ಸೀಮೆಯಲ್ಲಿ, ಗಿರಾಕಿ ಬಂದಾಗಲೇ ಸಂಪಾದನೆಯುಳ್ಳವನಿಗೆ ತಿಂಗಳ ಬಾಡಿಗೆಯು ಹೊರೆಯೇ ಸರಿ.

ಇನ್ನೊಂದು ಪಕ್ಷದಲ್ಲಿ ಮುಕ್ತ ಸಾಧನಗಳಿವೆ. 1991ರಲ್ಲಿ ಹುಟ್ಟಿದ ಲಿನಕ್ಸ್, 1995ರ ಅಪಾಚೆ ಮತ್ತು ಪಿಎಚ್‌ಪಿ, 2003ರ ವರ್ಡ್‌ಪ್ರೆಸ್ ಇವುಗಳ ಮೂಲಬರಹವು ಬಹಿರಂಗವಾಗಿದೆ. ಅದನ್ನು ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ನಿಂತಿರುವುದೂ ಮೀಡಿಯಾವಿಕಿ ಎಂಬ ಇಂಥದೇ ಸಾಧನದ ಮೇಲೆ.

ಆದರೆ ಬಿಟ್ಟಿಯೇ ಬೇರೆ, ಮುಕ್ತವೇ ಬೇರೆ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ ತಂತ್ರಾಂಶವು ಕನ್ನಡಿಗರಿಗೆ ಮಾಡಿದ ಉಪಕಾರವು ದೊಡ್ಡದು. ಬಹುಕಾಲ ಉಚಿತವಾಗಿ ದೊರೆತ ಅದಕ್ಕೆ ಮುಂದೆ ಬೆಲೆ ಏರ್ಪಟ್ಟಿತು. ದುಡಿದವರು ಬೆಲೆ ಕೇಳುವುದು ನ್ಯಾಯವೇ. ಕೊಂಡವರು ಅದನ್ನರಿತು ಕೊಳ್ಳತಕ್ಕದ್ದು. ಲಿನಕ್ಸನ್ನು ಕಟ್ಟುವವರು ಸಹ ಒಂದು ಕಾಲಕ್ಕೆ ಬಿಟ್‌ಕೀಪರ್ ಎಂಬ ಸಾಧನವನ್ನು ಒಡೆಯರ ಅನುಗ್ರಹದಿಂದ ಬಿಟ್ಟಿಯಾಗಿ ಬಳಸುತ್ತಿದ್ದರು. 2005ರಲ್ಲಿ ಆ ಅನುಗ್ರಹವು ನಿಂತಿತು. ಲೈನಸ್ ಟೋರ್ವಾಲ್ಡ್ಸ್ ಅವರು ಅದೇ ಏಪ್ರಿಲಿನಲ್ಲಿ ‘ಗಿಟ್’ ಎಂಬ ಮುಕ್ತ ಸಾಧನವನ್ನು ಬರೆಯತೊಡಗಿದರು. ಇಂದು ಜಾಲತಾಣ ಕಟ್ಟುವವರಲ್ಲಿ ಬಹುಮಂದಿ ಬಳಸುವುದು ಅದನ್ನೇ. ಅನುಗ್ರಹವನ್ನು ಹಿಂತೆಗೆದುಕೊಳ್ಳಬಹುದು, ಲೋಕಕ್ಕೆ ಒಮ್ಮೆ ಬರೆದುಕೊಟ್ಟ ಹಕ್ಕನ್ನು ಹಾಗೆ ಹಿಂತೆಗೆಯಲಾಗದು.

ಹಾಗೆಂದು ಮುಕ್ತ ಸಾಧನಕ್ಕೆ ವೆಚ್ಚವೇ ಇಲ್ಲವೆಂಬುದು ಭ್ರಮೆ. ಜಾಲತಾಣಗಳ ವ್ಯವಹಾರದ ಗುಟ್ಟನ್ನು ಕಾಯುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಘೋರ ದೋಷವು 2014ರಲ್ಲಿ ಬಯಲಾಯಿತು. ಲೋಕವೇ ನಂಬಿದ್ದ ಆ ಕಾರ್ಯಕ್ಕೆ ವರ್ಷಕ್ಕೆ ಬರುತ್ತಿದ್ದ ದಾನವು ಸುಮಾರು 2,000 ಡಾಲರ್ ಮಾತ್ರವೆಂಬುದೂ ಆಗಲೇ ಬಯಲಾಯಿತು. ನಮ್ಮ ಹಿರಿಯರು ಈ ಧರ್ಮವನ್ನು ಬಲ್ಲವರಾಗಿದ್ದರು. ಕೆರೆಯನ್ನು ಕಟ್ಟಿ ಕಾಪಾಡುವವರಿಗೆ ಕಟ್ಟುಕೊಡಗೆಯೆಂದು ಭೂಮಿ ಬಿಡುತ್ತಿದ್ದುದನ್ನು ನಾಡಿನ ಶಾಸನಗಳು ಹೇಳುತ್ತವೆ. ನೀರು ಹಾಯಿಸಿಕೊಳ್ಳುವವರಾರೂ ಹೂಳೆತ್ತದಿದ್ದರೆ ಕೆರೆಯು ಎಷ್ಟು ಕಾಲ ನಿಂತೀತು?

ಆದುದರಿಂದ ನಮ್ಮ ಸೂಚನೆ ಇಷ್ಟೇ. ಜಾಲತಾಣವನ್ನು ಹಗಲಿರುಳೂ ನಡೆಸುವ ಯಂತ್ರಕ್ಕೆ ಬಾಡಿಗೆ ಕೊಡುವುದು ಯುಕ್ತ; ಕಟ್ಟುವ ಸಾಧನವು ಮಾತ್ರ ಸಾಧ್ಯವಾದಮಟ್ಟಿಗೆ ಮುಕ್ತವಾಗಿರಲಿ. ಭಾರತ ಸರ್ಕಾರವು 2015ರಲ್ಲಿ ಪ್ರಕಟಿಸಿದ ನೀತಿಯು ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಸಲ್ಲಬೇಕೆಂದೂ, ಅದನ್ನು ಬಿಟ್ಟರೆ ಕಾರಣ ತೋರಿಸಬೇಕೆಂದೂ ವಿಧಿಸಿರುವುದು. ನಮ್ಮ ಪುರಸಭೆಗಳೂ ವಿದ್ಯಾಸಂಸ್ಥೆಗಳೂ ಸಹಕಾರ ಸಂಘಗಳೂ ಕರಾರಿಗೆ ರುಜು ಹಾಕುವ ಮುನ್ನ ಎರಡು ಮಾತು ಕೇಳಲಿ: ಚಂದಾ ನಿಂತರೆ ನಮ್ಮ ಲೆಕ್ಕಪತ್ರಗಳು ನಮಗೆ ದೊರೆಯುವುವೇ? ಈಗಿನ ಕೆಲಸಗಾರನು ಊರು ಬಿಟ್ಟರೆ ಇನ್ನೊಬ್ಬನು ಈ ಕೆಲಸವನ್ನು ಮುಂದುವರಿಸಬಲ್ಲನೇ? ಮುಕ್ತ ಸಾಧನದಿಂದ ಉಳಿದ ಹಣದಲ್ಲಿ ಒಂದು ಪಾಲನ್ನು ಅದನ್ನು ಕಾಯುವವರಿಗೆ ಕಳುಹಿಸಲಿ. ಹಣವಿಲ್ಲದ ತರುಣನು ಒಂದು ದೋಷವನ್ನು ತಿದ್ದಿಯೋ, ಸಾಧನದ ಸೂಚನೆಗಳನ್ನು ಕನ್ನಡಕ್ಕೆ ತಂದೋ ತನ್ನ ಪಾಲನ್ನು ಸಲ್ಲಿಸಲಿ.